ಅಬ್ಬಾನ ಗೋರಿಗೆ ಬಳಿದ ಸುಣ್ಣ

ಮೇ ೧೮, ಭಾನುವಾರ

ಇವತ್ತು ನಾನೇ ನಿಂತು, ನನ್ನ ಕೈಯಾರೆ, ಅಬ್ಬಾನ ಗೋರಿಗೆ ಸುಣ್ಣ ಬಳಿದೆ. ಒಂದು ಸಲವಲ್ಲ, ಮೂರು ಸಲ! ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಮೇಲೆ, ಈ ಕೆಂಪು ಗುಡ್ಡದ ನೆತ್ತಿಯಲ್ಲಿ, ನಮ್ಮ ನಾಲ್ಕು ಮನೆಯವರ ಹಳೆಯ ಕಬರಸ್ತಾನವಿದೆ. ಅಲ್ಲಿನ ಗೋರಿಗಳೆಲ್ಲ ಮಣ್ಣಿನ ಮಟ್ಟಕ್ಕೆ ಮಲಗಿವೆ. ತಲೆಯ ಹತ್ತಿರ ಒಂದೊಂದು ಕಾಡುಗಲ್ಲು, ಅಷ್ಟೆ. ನನ್ನ ತಂದೆ ದಾವೂದ್ ಸಾಬ್, ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ರಾಜಪಾರ್ಟು, ಋಷಿಪಾರ್ಟು ಮಾಡಿದವನು, ಮೈಕಿಲ್ಲದೆ ಕೊನೆಯ ಚಾಪೆಯವನ ಎದೆ ನಡುಗಿಸಿದವನು! ಅವನ ತಲೆಗೂ ಒಂದು ಕಾಡುಗಲ್ಲೇ? ಹೋದ ತಿಂಗಳು ಚಿರೆಕಲ್ಲು ತರಿಸಿ ಸೊಂಟದೆತ್ತರದ ಕಟ್ಟೆ ಕಟ್ಟಿಸಿದೆ. ಇವತ್ತು ಸುಣ್ಣ.

ಚಹಾ ತಂದ ಖೈರುನ್ನೀಸಾ ಬೆಳ್ಳಗಾದ ಕಟ್ಟೆಯನ್ನು ನೋಡಿ ಲೋಟ ಕೊಡುವುದನ್ನೇ ಮರೆತಳು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನನ್ನ ಹೆಂಡತಿಗೆ ನನ್ನ ಯಾವ ದೃಶ್ಯವೂ ಹಿಡಿಸಿಲ್ಲ.

"ಗೋರಿ ಎತ್ತರ ಮಾಡೋದು ನಮ್ಮಲ್ಲಿ ಬೇಡ ಅಂದಿದ್ದಾರಲ್ಲ. ಮಣ್ಣು ಮಣ್ಣಾಗಿ ಇರಲಿ ಬಿಡಿ."

"ಇದು ಪೂಜೆಗಲ್ಲ ಖೈರು, ನೆನಪಿಗೆ!"

"ಅವರ ನೆನಪಿಗೋ, ನಿಮ್ಮ ಮಾತು ಮೇಲಾಗಲಿ ಅಂತಲೋ?"

ಅವಳ ಮಾತು ಚುಚ್ಚಿತು. ಹೌದು, ನೆಂಟರ ಮೇಲೆ ನನಗೆ ಸಿಟ್ಟಿದೆ! ಮುಖಕ್ಕೆ ಬಣ್ಣ ಹಚ್ಚಿದವನು ಅಂತ ಭಟ್ಕಳದ ದಾಯಾದಿಗಳು ಹೋದ ವರ್ಷ ಅಬ್ಬಾನ ಜನಾಜಾಕ್ಕೆ ಹೆಗಲು ಕೊಡಲು ಬರಲಿಲ್ಲ. ಒಬ್ಬನೂ ಬರಲಿಲ್ಲ. ಈಗ ನೋಡಲಿ, ಸಮುದ್ರದಿಂದಲೇ ಕಾಣುತ್ತದೆ!

ಮೇ ೨೬, ಸೋಮವಾರ

ಮಳೆ ಈ ಸಲ ಮೊದಲೇ ನುಗ್ಗಿದೆ. ನಿನ್ನೆ ಮಧ್ಯಾಹ್ನ ಎದುರಿನ ದಡದ ತದಡಿ ಬಂದರು ಕೂಡ ಕಾಣದಂತೆ ಹೊಡೆಯಿತು.

ಇವತ್ತು ಬೆಳಗ್ಗೆ ಬಾಗಿಲಲ್ಲಿ ಮಾಬ್ಲ ನಿಂತಿದ್ದ. ಕೈಯಲ್ಲಿ ಬಂಗಡೆ, ಕಣ್ಣಲ್ಲಿ ನೀರು. ಅವನು ಪಾತಿದೋಣಿಯಲ್ಲಿ ಮೀನಿಗೆ ಹೋಗುವವನು, ಗುಡ್ಡದ ಬುಡದಲ್ಲೇ ಮನೆ, ನನ್ನ ಓರಗೆಯವನು. ನಿನ್ನೆಯ ಗಾಳಿಯಲ್ಲಿ ಅವನೂ ಅವನ ಅಣ್ಣನ ಮಗ ವಿಶಾಲನೂ ಸಮುದ್ರದಲ್ಲಿ ಸಿಕ್ಕಿಬಿದ್ದಿದ್ದರು.

"ಮಾಸ್ತರ್ರೇ, ನಿಮ್ಮ ಸಾಬಜ್ಜ ನಮ್ಮನ್ನ ಒಳಗೆ ತಂದ್ರು."

ಕುಮಟಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದರಿಂದ ನಾನು ಮಾಸ್ತರ. ಅಬ್ಬಾ ಈ ದಡದವರಿಗೆಲ್ಲ ಸಾಬಜ್ಜ.

"ಸಾಬಜ್ಜ ಮಣ್ಣಿಗೆ ಹೋಗಿ ವರ್ಷವಾಯಿತು. ಹೇಗೆ ತಂದ ಮಾರಾಯ?"

ಅವನು ಹೇಳಿದ್ದು ಇಷ್ಟು. ಅಳಿವೆಯ ಎರಡೂ ಮಗ್ಗುಲಿಗೆ ಮರಳು ಕೂತಿದೆ, ನಡುವೆ ದೋಣಿಗೆ ಇರುವುದು ಸಣ್ಣ ದಾರಿ. ಗುಡ್ಡದ ಮೇಲಿನ ಒಂಟಿ ಗಾಳಿಮರವನ್ನು ಮೂತಿಗೆ ಹಿಡಿದು ಬಂದರೆ ದೋಣಿ ಆ ದಾರಿಯಲ್ಲೇ ಒಳಬರುತ್ತಿತ್ತು. ಮರ ಹೋದ ವರ್ಷ ಬಿತ್ತು. ನಿನ್ನೆ ಎಂತದೂ ಕಾಣದಿದ್ದಾಗ, ಗುಡ್ಡದ ನೆತ್ತಿಯಲ್ಲಿ ಬೆಳ್ಳಗೆ ಒಂದು ಕಂಡಿದೆ. ಅದಕ್ಕೇ ಮೂತಿ ಇಟ್ಟಿದ್ದಾರೆ. ಬಂದಿದ್ದಾರೆ.

"ಹುಚ್ಚಪ್ಪಾ! ನಿನ್ನನ್ನ ತಂದದ್ದು ಸುಣ್ಣ!"

"ಸುಣ್ಣ ನೀವು ಈ ವರ್ಷನೇ ಎಂತಕ್ಕೆ ಬಳ್ದ್ರಿ, ಹೇಳಿ ಕಾಂಬ? ಅವ್ರೇ ನಿಮ್ಮ ಕೈಲಿ ಬಳ್ಸಿದ್ದು."

ಯಾ ಅಲ್ಲಾ, ಬದುಕಿಸಿದವನು ನೀನು. ಸುಣ್ಣಕ್ಕೂ ಬಿಳುಪು ಕೊಟ್ಟವನು ನೀನು. ಈ ಜನಕ್ಕೆ ಇಷ್ಟು ಸರಳವಾದದ್ದು ಯಾಕೆ ತಿಳಿಯುವುದಿಲ್ಲ?

ಮೇ ೨೯, ಗುರುವಾರ

ಕಟ್ಟೆಯ ಮೇಲೆ ತೆಂಗಿನಕಾಯಿ! ಊದಿನಕಡ್ಡಿ! ಕಲ್ಲಿಗೆ ಹಸಿರು ಬಟ್ಟೆ!

ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ದಡದಡ ಇಳಿದು ಮಾಬ್ಲನ ಅಂಗಳಕ್ಕೆ ಹೋದೆ. ಅವನ ಹೆಂಡತಿ ತಿಮ್ಮಿ ನದಿಯಿಂದ ಆರಿಸಿ ತಂದ ಬೆಳಚನ್ನು ರಾಶಿ ಹಾಕಿಕೊಂಡು ಚಿಪ್ಪು ಬಿಡಿಸುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ನಾನೇ ಇಟ್ಟದ್ದು. ಜೀವ ಉಳೀತಲ್ರಾ. ಒಂದ್ ಕಾಯಿ ಇಟ್ರೆ ನಿಮ್ಗೆಂತ ತ್ರಾಸು?"

"ತಿಮ್ಮೀ! ನಾವು ಒಬ್ಬನ ಮುಂದೆ ಮಾತ್ರ ಬಾಗುವವರು. ಅಪ್ಪನಾಗಲಿ, ಅರಸನಾಗಲಿ, ಸತ್ತವನಾಗಲಿ, ಬದುಕಿದವನಾಗಲಿ, ಇನ್ನೊಬ್ಬರ ಮುಂದೆ ಇಲ್ಲ!"

"ನೀವು ಬಾಗೂದು ಬೇಡ. ನಾವು ಬಾಗ್ತ್ವೆ. ನಿಮ್ಗೆಂತ ಆತು?"

ಏನು ಹೇಳಲಿ? ಅವಳ ಮನೆಯ ದೇವರ ಗೂಡಿಗೆ ನಾನು ಯಾವತ್ತೂ ಅಡ್ಡ ಬಂದವನಲ್ಲ, ಬರುವುದೂ ಇಲ್ಲ. ಅದು ಅವಳದ್ದು. ಆದರೆ ಇದು ನನ್ನ ಅಪ್ಪ! ಸಾಯುವವರೆಗೆ ಒಬ್ಬನಿಗೇ ಹಣೆ ಹಚ್ಚಿದವನನ್ನು, ಸತ್ತ ಮೇಲೆ ಆ ಒಬ್ಬನ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರಲ್ಲ! ನಾಳೆ ಅವನು ಅಲ್ಲಾಹನ ಮುಂದೆ ಏನು ಉತ್ತರ ಕೊಡಬೇಕು?

ಜೂನ್ ೭, ಶನಿವಾರ. ಬಕ್ರೀದು

ನಮಾಜು ಮುಗಿಸಿ ಬಂದರೆ ಮನೆಯ ಮುಂದೆ ಎರಡು ಕಾರು. ಭಟ್ಕಳದ ದಾಯಾದಿಗಳು! ಜನಾಜಾಕ್ಕೆ ಬಾರದವರು, ಹಬ್ಬಕ್ಕೆ ಬಂದಿದ್ದಾರೆ. ಹಬ್ಬಕ್ಕಲ್ಲ, ಗೋರಿಗೆ. ಮಾಬ್ಲನ ಕಥೆ ಅಲ್ಲಿಗೂ ಮುಟ್ಟಿದೆ. ದುಬೈಯಲ್ಲಿರುವ ದೊಡ್ಡಪ್ಪನ ಮಗ ಕಟ್ಟೆಯ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡ. ವ್ಯಾಪಾರಕ್ಕೆ ಒಳ್ಳೆಯದಂತೆ.

"ಬಣ್ಣದವನ ಮಣ್ಣು ನಿನಗೆ ಯಾಕಪ್ಪಾ?" ಅಂತ ಗುಡುಗಿದೆ.

"ಹಜರತ್ ದಾವೂದರ ಬಗ್ಗೆ ಆಗ ನಮಗೆ ತಿಳಿದಿರಲಿಲ್ಲ" ಅಂದ, ತಲೆ ತಗ್ಗಿಸಿ.

ಹಜರತ್! ಸಂತರಿಗೆ ಹೇಳುವ ಮಾತು! ನಾಚಿಕೆಯಿಲ್ಲದವರು! ಕಲಿತವರು, ಗಡ್ಡ ಬಿಟ್ಟವರು! ತಿಮ್ಮಿಗಾದರೆ ತಿಳಿಯದು, ಇವರಿಗೆ? ಸಂಜೆಯವರೆಗೆ ಕುದಿಯುತ್ತಲೇ ಇದ್ದೆ. ಒಂದು ಮಾತ್ರ ನಿಜ, ಇದ್ದದ್ದನ್ನು ಬರೆಯಬೇಕು. ಅವನು ತಲೆ ತಗ್ಗಿಸಿದ್ದನ್ನು ನೋಡಿ ಎದೆಯಲ್ಲಿ ತಂಪಾಯಿತು.

ಜೂನ್ ೧೯, ಗುರುವಾರ

ಇವತ್ತು ಮೂವತ್ತು ನಲವತ್ತು ಜನ. ಕುಮಟಾದಿಂದ ರಿಕ್ಷಾ ಮಾಡಿಕೊಂಡು ಬಂದಿದ್ದರು. ಸಾಕು ಅಂತ ನಾನು ಬಂಡೆ ಹತ್ತಿ ನಿಂತೆ. ಎದೆ ತುಂಬ ಉಸಿರು ಎಳೆದು ಅಬ್ಬಾ ಕಲಿಸಿದಂತೆ ಹೊಕ್ಕುಳಿಂದ ಧ್ವನಿ ಎತ್ತಿದೆ.

"ಕೇಳಿ, ಮಹಾಜನರೇ! ಈ ಮಣ್ಣಿನಲ್ಲಿ ಮಲಗಿರುವವನು ದೇವರಲ್ಲ! ದೇವರ ಗುಮಾಸ್ತನೂ ಅಲ್ಲ! ಇವನಿಗೆ ಹಸಿವಿತ್ತು! ಮೂಲವ್ಯಾಧಿ ಇತ್ತು! ಕದ್ದು ಬೀಡಿ ಸೇದಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ! ತನ್ನ ಹಲ್ಲುನೋವನ್ನೇ ವಾಸಿಮಾಡಿಕೊಳ್ಳಲಾಗದೆ ಅತ್ತವನು ನಿಮ್ಮ ನೋವನ್ನು ಏನು ತೆಗೆದಾನು? ಏಳಿ! ತೊಲಗಿ ಇಲ್ಲಿಂದ!"

ಏನು ಮೌನ! ಅಂಥ ಮೌನ ಸಿಕ್ಕಿದರೆ ನಟನಾದವನು ಬಂಗಾರದ ಪದಕ ವಾಪಸು ಕೊಟ್ಟಾನು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ತಿಮ್ಮಿ ಎರಡೂ ಕೈಯೆತ್ತಿ ಕಿರುಚಿದಳು.

"ಬಂದ್ರು! ಸಾಬಜ್ಜ ಬಂದ್ರು! ಅದೇ ಗಂಟ್ಲು! ಮಾಸ್ತರ್ರಿಗೆ ಭಾರ ಬಂತು!"

ಮೈಮೇಲೆ ಬರುವುದಕ್ಕೆ ಇಲ್ಲಿ ಭಾರ ಬಂತು ಅನ್ನುತ್ತಾರೆ. ಅಬ್ಬಾನ ಗಂಟಲೇ ನನ್ನದು, ಹೌದು. ಅಪ್ಪನ ಗಂಟಲು ಮಗನಿಗೆ ಬಾರದೆ ಪಕ್ಕದ ಮನೆಯವನಿಗೆ ಬರುತ್ತದೆಯೇ? ಆದರೆ ಯಾರು ಕೇಳುತ್ತಾರೆ! ನಲವತ್ತು ಜನ ನೆಲಕ್ಕೆ ಬಿದ್ದರು. ಮಂಡಿನೋವಿನ ಮುದುಕಿ ಮಾದೇವಿ ತೆವಳಿಕೊಂಡು ಬಂದು ನನ್ನ ಪಾದ ಹಿಡಿದಳು. "ತೊಲಗ್ತದೆ ಹೇಳಿದ್ರು, ನನ್ನ ನೋವು ತೊಲಗ್ತದೆ!" ಬಿಡಿಸಿಕೊಳ್ಳಲು ಕೂಗಿದೆ. ಕೂಗಿದಷ್ಟೂ ಅವರು ಹತ್ತಿರ ಬಂದರು. ಓಡಿ ಮನೆ ಸೇರಿದೆ. ಓಡಿದ್ದಕ್ಕೂ ಏನೋ ಅರ್ಥ ಕಟ್ಟಿರುತ್ತಾರೆ!

ಜೂನ್ ೨೪, ಮಂಗಳವಾರ

ಯಾರೋ ಮೊಬೈಲಿನಲ್ಲಿ ತೆಗೆದ ನನ್ನ ಭಾಷಣ ಹೊನ್ನಾವರದವರೆಗೂ ಓಡಾಡುತ್ತಿದೆ. ಮಾತು ಸರಿಯಾಗಿ ಕೇಳಿಸುವುದಿಲ್ಲ, ಗುಡುಗು ಮಾತ್ರ ಕೇಳುತ್ತದೆ. ಅದರ ಹಿಂದೆಯೇ ಹೊನ್ನಾವರದಿಂದ ಬಾಷಾ ಅಂತೊಬ್ಬ ಬಂದ. ಮೈಯೆಲ್ಲ ಅತ್ತರು, ಕೈಯಲ್ಲಿ ಜರಿಯ ಚಾದರ.

"ನೀವು ದರ್ಗಾದ ಯಜಮಾನ, ಸಜ್ಜಾದೆ ಆಗಿ ಗಾದಿಯಲ್ಲಿ ಕೂತುಬಿಡಿ, ಸಾಹೇಬ್ರೆ. ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ. ಆಗಸ್ಟಿನಲ್ಲಿ ಉರುಸು ಮಾಡುವ."

"ಮನುಷ್ಯನ ಗೋರಿಯನ್ನು ಅಂಗಡಿ ಮಾಡುವವನೇ, ನಡೆ ಆಚೆ!"

ಅವನು ನಕ್ಕ. "ಇದೇ, ಇದೇ ಗುಡುಗು! ಗುರುವಾರ ಇಷ್ಟೇ ಮಾತಾಡಿ."

ಅವನನ್ನು ಅಟ್ಟಿ ಗುಡ್ಡ ಹತ್ತಿದರೆ ಕಣ್ಣೆದುರು ಎಂಟಡಿಯ ಫ್ಲೆಕ್ಸು! ಅದರಲ್ಲಿ ನನ್ನ ಅಬ್ಬಾ, ಜಟೆ, ಎದೆಯವರೆಗಿನ ಬಿಳಿ ಗಡ್ಡ, ಎತ್ತಿದ ಕೈ. ಅದು ಋಷಿಪಾರ್ಟಿನ ಫೋಟೋ! ಆ ಗಡ್ಡ ಬಾಡಿಗೆಯದು! ಅಂಟು ಹಚ್ಚಿದ್ದಕ್ಕೆ ಅವನ ಗಲ್ಲ ವಾರವಿಡೀ ತುರಿಸಿತ್ತು! ತಲೆಯ ಹಿಂದಿನ ಪ್ರಭೆ ಹೊಸದು, ಕುಮಟಾದಲ್ಲಿ ಫ್ಲೆಕ್ಸು ಮಾಡುವ ಮಾಬ್ಲನ ತಮ್ಮ ಸಂತೋಷ ಸೇರಿಸಿದ್ದು.

ಫೋನು ಮಾಡಿ ಉಗಿದೆ. "ಫೋಟೋ ದೊಡ್ಡದು ಮಾಡ್ಸೂಕೆ ನೀವೇ ಕೊಟ್ಟದ್ದಲ್ರಾ ಮಾಸ್ತರ್ರೇ, ಏಪ್ರಿಲಿನಾಗೆ. ಅದ್ರ ಹಣ ಬೇಡ ಬಿಡಿ, ಸಾಬಜ್ಜನ ಸೇವೆ."

ಫ್ಲೆಕ್ಸನ್ನು ಹರಿಯಲು ಕೈಹಾಕಿದೆ. ಹರಿಯಲಾಗಲಿಲ್ಲ. ಅಬ್ಬಾ ನೋಡುತ್ತಿದ್ದ.

ಜುಲೈ ೩, ಗುರುವಾರ

ಬರುವುದನ್ನು ನಿಲ್ಲಿಸಲಾಗದಿದ್ದರೆ ಶಿಸ್ತಿನಿಂದಾದರೂ ಬರಲಿ! ಕಾಯಿ ಒಡೆಯಬಾರದು, ದಾರ ಕಟ್ಟಬಾರದು, ಸಾಲಿನಲ್ಲಿ ನಿಲ್ಲಬೇಕು ಅಂತ ಬೋರ್ಡು ಬರೆಸಿದೆ. ಕೊಡೆ ಹಿಡಿದು ನಾನೇ ಪಕ್ಕದಲ್ಲಿ ಕೂತೆ. ಇಲ್ಲದಿದ್ದರೆ ಆ ಬಾಷಾ ನುಗ್ಗುತ್ತಾನೆ. ಹಬ್ಬದ ಬಿಳಿ ಜುಬ್ಬಾ ಹಾಕಿದ್ದೆ, ಬೇರೆಯದು ಒಣಗಿರಲಿಲ್ಲ. ಒಬ್ಬ ಹೆಣ್ಣುಮಗಳು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಬೈಯಬೇಕಿತ್ತು. ಕೂಸಿಗೆ ಬೈಯಲಾಗುತ್ತದೆಯೇ? ತಲೆ ಸವರಿದೆ.

ಖೈರು ಮಧ್ಯಾಹ್ನ ಬಂದು ನೋಡಿ ಹಾಗೇ ತಿರುಗಿ ಹೋದಳು. ಅವಳಿಗೆ ಒಳ್ಳೆಯದು ಕಣ್ಣಿಗೆ ಬೀಳುವುದೇ ಇಲ್ಲ.

ಜುಲೈ ೧೦, ಗುರುವಾರ

ನೂರಕ್ಕೂ ಮೇಲೆ ಜನ. ದುಬೈಯವನು ಫೋನು ಮಾಡಿ ತನ್ನ ಹೆಸರಿನಲ್ಲಿ ಗೋರಿಯ ಮುಂದೆ ಕೇಳಿಕೊಳ್ಳಬೇಕು ಅಂದ. ಬೈದು ಇಟ್ಟೆ.

ಅಬ್ಬಾ, ನೋಡಿದೆಯಾ? ನಿನ್ನನ್ನು ಬಣ್ಣದವನು ಅಂದವರು ಈಗ ಎಲ್ಲಿ ನಿಂತಿದ್ದಾರೆ ನೋಡು.

ಜುಲೈ ೧೭, ಗುರುವಾರ

ಮಾಬ್ಲ ಮತ್ತು ವಿಶಾಲ ಬೆಳಗಿನ ಜಾವ ಹೋದವರು ಮಧ್ಯಾಹ್ನ ಎರಡಾದರೂ ಬಂದಿಲ್ಲ. ಹನ್ನೊಂದಕ್ಕೆ ಎದ್ದ ಗಾಳಿ ತೆಂಗಿನ ತಲೆಗಳನ್ನು ನೆಲಕ್ಕೆ ಬಗ್ಗಿಸುತ್ತಿದೆ. ಅಳಿವೆಯಲ್ಲಿ ಅಲೆಗಳು ಮನೆಯೆತ್ತರ. ಫೋನು ಹತ್ತುತ್ತಿಲ್ಲ. ತಿಮ್ಮಿ ಗೋರಿಯ ಮುಂದೆ ಮಳೆಯಲ್ಲಿ ಕೂತುಬಿಟ್ಟಿದ್ದಾಳೆ. ಎಬ್ಬಿಸಲು ಹೋದೆ.

"ನಾನು ಏಳೂದಿಲ್ಲ. ನೀವು ಹೇಳಿ, ಮಗನ ಮಾತು ಕೇಳ್ತ್ರು."

ಸಂಜೆ ಐದು. ಇನ್ನೂ ಇಲ್ಲ.

ಆರು. ಮತ್ತೆ ಗುಡ್ಡ ಹತ್ತಿ ಬಂದೆ. ಕಟ್ಟೆಯ ಸುಣ್ಣ ತೊಯ್ದು ಮಂಕಾಗಿದೆ, ಸಮುದ್ರದಿಂದ ಕಾಣಲಿಕ್ಕಿಲ್ಲ. ಬರವಣಿಗೆ ಕೈಗೆ ಹತ್ತುತ್ತಿಲ್ಲ. ಮಾಬ್ಲ ನನ್ನ ಜೊತೆ ಈಜು ಕಲಿತವನು. ನನ್ನ ಮೊದಲ ನಾಟಕಕ್ಕೆ ಪರದೆ ಎಳೆದವನು. ಅಬ್ಬಾ, ಅವನನ್ನು ತಂದುಬಿಡು. ಒಂದು ಸಲ. ನಿನ್ನ ಹೆಸರನ್ನು ಇಷ್ಟು ಎತ್ತರಕ್ಕೆ ಎತ್ತಿದ್ದೇನೆ, ಇದೊಂದನ್ನು ಮಾಡು.

ಜುಲೈ ೧೮, ಶುಕ್ರವಾರ

ಬಂದರು! ಇಬ್ಬರೂ ಬಂದರು! ಬೆಳಗ್ಗೆ ಎಂಟಕ್ಕೆ ಬಸ್ಸಿನಲ್ಲಿ ಬಂದಿಳಿದರು!

ಈ ಅಳಿವೆ ಹೊಗಲಾಗದೆ, ಗಾಳಿ ತಳ್ಳಿದ ಕಡೆಗೆ ದೋಣಿ ಬಿಟ್ಟು, ದಕ್ಷಿಣಕ್ಕೆ ಹೋಗಿ ಹೊನ್ನಾವರದ ಶರಾವತಿ ಅಳಿವೆಯಲ್ಲಿ ಒಳಗೆ ಸೇರಿದರಂತೆ. ಅಲ್ಲಿನ ಮೀನುಗಾರರು ಹಗ್ಗ ಎಸೆದು ಎಳೆದುಕೊಂಡರಂತೆ. ದೋಣಿ ಅಲ್ಲೇ ಇದೆ.

"ಗುಡ್ಡದ ಮೇಲೆ ಬಿಳಿ ಕಂಡಿತೇ?" ಅಂತ ಕೇಳಿದೆ.

"ಎಂತದೂ ಕಾಣ್ಲಿಲ್ಲ ಮಾರಾಯ್ರೆ. ನನ್ನ ಕೈಯೇ ನಂಗೆ ಕಾಣ್ಲಿಲ್ಲ."

"ಸಾಬಜ್ಜ ಹೊನ್ನಾವರಕ್ಕೆ ಕಳ್ಸಿದ್ರು!" ಅಂದಳು ತಿಮ್ಮಿ, ಅಳುತ್ತ, ನಗುತ್ತ. ಕೂಡಿದವರೆಲ್ಲ ಹೌದು ಹೌದು ಅಂದರು. ನಾನೂ ಗೋರಿಯ ಕಡೆ ನೋಡಿದೆ. ಕೇಳಿದ್ದನ್ನು ಅವನು ಮಾಡಿಯೇಬಿಟ್ಟ ಅನ್ನಿಸಿತು. ಅಂಥ ಅಪ್ಪ!

ಜುಲೈ ೨೦, ಭಾನುವಾರ

ಊಟಕ್ಕೆ ಕೂತಾಗ ಖೈರು ತಟ್ಟೆ ಇಟ್ಟು ಎದುರಿಗೇ ಕೂತಳು.

"ಒಂದು ಕೇಳ್ತೇನೆ. ಕೂಗಬಾರದು. ಗುರುವಾರ ಸಂಜೆ ಮಳೆಯಲ್ಲಿ ಗುಡ್ಡದ ಮೇಲೆ ನಿಂತು ಮಾಬ್ಲಣ್ಣನನ್ನು ತಂದುಕೊಡು ಅಂತ ಕೇಳಿದ್ರಿ. ಯಾರ ಹತ್ತಿರ ಕೇಳಿದ್ರಿ?"

"ಯಾರ ಹತ್ತಿರ ಅಂದರೆ? ಅದು, ಹಾಗೆ, ಸಂಕಟದಲ್ಲಿ..."

"ನಿಮ್ಮ ಹಿಂದೆ ಕೊಡೆ ಹಿಡಿದು ನಿಂತವಳು ನಾನು."

ತಟ್ಟೆ ತಳ್ಳಿ ಎದ್ದೆ. ನನಗೆ ತೌಹೀದು ಕಲಿಸುತ್ತೀಯಾ ಅಂದೆ. ದೇವರು ಒಬ್ಬನೇ ಅಂತ ಈ ಊರಿಗೆಲ್ಲ ಬಂಡೆಯ ಮೇಲೆ ನಿಂತು ಸಾರಿದವನು ನಾನು ಅಂದೆ. ಜಂತಿ ನಡುಗುವಂತೆ ಅಂದೆ. ಅವಳು ಅನ್ನದ ಮೇಲೆ ಮುಚ್ಚಳ ಮುಚ್ಚಿ ಒಳಗೆ ಹೋದಳು. ಇಂಥ ಮಾತು ಆಡುವ ಹೆಂಗಸನ್ನು ನಾನು ಎಲ್ಲಿಯೂ ಕಂಡಿಲ್ಲ!

ಜುಲೈ ೨೨, ಮಂಗಳವಾರ

ಗುರುವಾರ ಬರೆದದ್ದನ್ನು ಓದಿದೆ. ಆರು ಗಂಟೆಯದ್ದು. ಅಕ್ಷರ ನನ್ನದೇ.

ಜುಲೈ ೨೪, ಗುರುವಾರ

ಗುಡ್ಡದ ಮೇಲೆ ಕೂರಲಿಲ್ಲ. ಭಟ್ಕಳಕ್ಕೆ ಹೋದೆ. ಅಲ್ಲಿ ಮೌಲ್ವಿಯಾಗಿರುವ ನನ್ನ ಬಾಲ್ಯದ ಗೆಳೆಯ ಇಲ್ಯಾಸನ ಮುಂದೆ ಕಾಲು ಗಂಟೆ ಗುಡುಗಿದೆ. ಬಾಷಾನ ಮೇಲೆ, ತಿಮ್ಮಿಯ ಮೇಲೆ, ಸಂತೋಷನ ಮೇಲೆ, ದುಬೈಯವನ ಮೇಲೆ! ಅವನು ಸುಲೇಮಾನಿ ಚಹಾ ಸೋಸಿಕೊಡುತ್ತ ಕೇಳಿಸಿಕೊಂಡ.

"ಕಟ್ಟೆ ಕಟ್ಟಿದ್ದು ಯಾರು ಜಾಫರ್?"

"ನಾನು."

"ಫೋಟೋ ಕೊಟ್ಟದ್ದು?"

"ನಾನೇ. ಆದರೆ..."

"ಜುಬ್ಬಾ ಹಾಕಿ ಪಕ್ಕದಲ್ಲಿ ಕೂತದ್ದು?"

ಚಹಾ ಬಿಸಿಯಿತ್ತು. ಕುಡಿದೆ.

"ಪಾಪ, ಆ ಹೆಂಗಸಿನ ಮೇಲೆ ಯಾಕೆ ಸಿಟ್ಟು? ಅವಳ ದಾರಿ ಅವಳದು. ನಮ್ಮ ಮಾತು ನಮ್ಮದು. ಒಬ್ಬನನ್ನು ಬಿಟ್ಟು ಉಳಿದ ಎಲ್ಲವನ್ನೂ ಬೇಡ ಅನ್ನಬೇಕು, ಅಲ್ಲಿಂದಲೇ ನಮ್ಮ ನಂಬಿಕೆಯ ಕಲಿಮಾ ಶುರುವಾಗೋದು. ಕಲ್ಲನ್ನು ಬೇಡ ಅನ್ನೋದು ಸುಲಭ. ಜನ ಬಾಗುವಾಗ ಹಿತವಾಗುತ್ತಲ್ಲ, ಆ ಹಿತವನ್ನು ಬೇಡ ಅನ್ನೋದು ಕಷ್ಟ. ಬಾಗಿಸಿಕೊಂಡು ಸುಮ್ಮನೆ ಕೂತವನೂ ಸುಳ್ಳು ದೇವರ ಸಾಲಿನಲ್ಲೇ ಕೂತಿರ್ತಾನೆ."

"ಹಾಗಾದರೆ ನಾಳೆಯೇ ಜನರನ್ನು ಸೇರಿಸಿ, ಬಂಡೆಯ ಮೇಲೆ ನಿಂತು..."

"ಬಂಡೆ ಬೇಡ ಮಾರಾಯ. ನೀನು ಕಟ್ಟಿದ್ದನ್ನು ನೀನೇ ಇಳಿಸು. ಬಾಯಿ ಮುಚ್ಚಿಕೊಂಡು ಇಳಿಸು."

ಬಾಯಿ ಮುಚ್ಚಿಕೊಂಡು! ನನಗೆ! ಬಸ್ಸಿನಲ್ಲಿ ಹೊನ್ನಾವರ ದಾಟುವವರೆಗೂ ಮೈ ಉರಿಯುತ್ತಿತ್ತು.

ಜುಲೈ ೨೭, ಭಾನುವಾರ

ಮಾಬ್ಲನಿಗೆ ಹೇಳಿದೆ. ಕಟ್ಟೆ ತೆಗೆಯುತ್ತೇನೆ ಅಂದೆ.

ಅವನು ಬಲೆ ಹೊಲಿಯುವುದನ್ನು ನಿಲ್ಲಿಸಿದ. "ಸಾಬಜ್ಜಂದು ನಿಮ್ಮ ಇಷ್ಟ. ಆದ್ರೆ ಗುರ್ತು? ಬಿಳಿ ಹೋದ್ರೆ ನಾವು ಯಾವುದನ್ನ ಹಿಡ್ದು ಬರೂದು? ಮರ ಬಿದ್ದ ಮೇಲೆ ಈ ಅಳಿವೆಯಾಗೆ ಎರಡು ದೋಣಿ ಮಗುಚಿತ್ತು, ನೆನಪದೆಯಾ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ತಿಂಗಳು ದೇವರ ಬಗ್ಗೆ ಕೂಗಿದೆನಲ್ಲ, ಒಂದು ದಿನವಾದರೂ ದೋಣಿಯ ಬಗ್ಗೆ ಕೇಳಿದೆನೇ? ಅವನ ಮೇಲೆ ಸಿಟ್ಟು ಮಾಡಲು ಹೋದೆ. ಬರಲಿಲ್ಲ.

"ಬೇರೆ ಕಂಬ ನೆಟ್ಟರೆ?"

"ಎಲ್ಲಾದ್ರೂ ನೆಟ್ರೆ ಆತಿಲ್ಲ. ಗೆರೆ ತಪ್ಪಿದ್ರೆ ಸೀದಾ ಮರಳಿಗೆ."

ಇಳಿತದ ಹೊತ್ತಿಗೆ ಅವನು ಹೊನ್ನಾವರದಿಂದ ವಾಪಸು ತಂದಿದ್ದ ದೋಣಿ ತೆಗೆದ. ಗಾಳಿ ತಗ್ಗಿತ್ತು. ಅವನು ಅಳಿವೆಯ ದಾರಿಯ ನಟ್ಟನಡುವೆ ದೋಣಿ ನಿಲ್ಲಿಸಿಕೊಂಡು ಕೈಬೀಸುವುದು, ನಾನು ಗುಡ್ಡದ ಮೇಲೆ ಬಿಳಿ ಲುಂಗಿ ಕಟ್ಟಿದ ಬಿದಿರು ಹಿಡಿದು ಎಡಕ್ಕೆ, ಬಲಕ್ಕೆ ಸರಿಯುವುದು. ಗೋರಿಗಳಿಂದ ದೂರ, ಅದೇ ಗೆರೆಯಲ್ಲಿ, ಕೆಳಗಿನ ಬಂಡೆಯ ಬಿರುಕಿನಲ್ಲಿ ಜಾಗ ಸಿಕ್ಕಿತು. ಕೂಗಿದರೆ ಅವನಿಗೆ ಕೇಳುತ್ತಿರಲಿಲ್ಲ, ಗಾಳಿ ಎದುರಿಗಿತ್ತು. ಎರಡು ಗಂಟೆ ಒಂದೂ ಮಾತಿಲ್ಲದೆ ಕೆಲಸ ಮಾಡಿದೆವು.

ಜುಲೈ ೩೧, ಗುರುವಾರ

ನಿನ್ನೆ ಕಂಬ ನಿಂತಿತು. ಎರಡಾಳು ಎತ್ತರದ ಕಬ್ಬಿಣದ ಕೊಳವೆ, ತುದಿಗೆ ಬಿಳಿ ಬಣ್ಣದ ತಗಡು, ಬುಡಕ್ಕೆ ಕಾಂಕ್ರೀಟು. ತಗಡಿನ ಮೇಲೆ ನನ್ನ ಕೈಯಿಂದಲೇ ಬರೆದೆ: "ಇದು ದೋಣಿಯವರ ಗುರುತಿನ ಕಂಬ. ಬೇರೇನೂ ಅಲ್ಲ."

ಇವತ್ತು ಬೆಳಗಿನ ಜಾವದ ಫಜರ್ ನಮಾಜು ಮುಗಿಸಿ ಹಾರೆ ಹಿಡಿದು ಗುಡ್ಡ ಹತ್ತಿದೆ. ಮೊದಲು ಫ್ಲೆಕ್ಸು ಬಿಚ್ಚಿದೆ. ಆಮೇಲೆ ಕಲ್ಲು. ಒಂಬತ್ತಕ್ಕೆ ಜನ ಸೇರಿದರು. ಬಾಷಾನೂ ಬಂದಿದ್ದ.

"ಅಪ್ಪನ ಗೋರಿ ಕೆಡವೋ ಮಗ! ನೋಡಿ, ಎಲ್ಲರೂ ನೋಡಿ! ಇವನಿಗೆ ಗತಿ ಇದೆಯಾ?"

ನೂರು ಜನ. ಎದುರಿಗೆ ಬಂಡೆ. ಒಂದೇ ಉಸಿರಿನಲ್ಲಿ ಅವನನ್ನು ಹುರಿದು ಮುಕ್ಕುವಷ್ಟು ಮಾತು ಗಂಟಲಿಗೆ ಬಂದು ನಿಂತಿತ್ತು. ಮುಂದಿನ ಕಲ್ಲಿಗೆ ಹಾರೆ ಹಾಕಿದೆ. ಸುಣ್ಣದ ಪುಡಿ ಬಾಯಿಗೆ ಹೋಗಿ ಕೆಮ್ಮು ಬಂತು, ಅಷ್ಟೇ ನನ್ನ ಸಂಭಾಷಣೆ. ಕೂಗಾಟ ಸ್ವಲ್ಪ ಹೊತ್ತು ಇತ್ತು. "ಭಾರ ಇಳ್ದು ಹೋಯ್ತು, ಈಗ ಬರೀ ಮಾಸ್ತರ್ರು" ಅಂತ ಯಾರೋ ಹೇಳಿದ್ದು ಕೇಳಿಸಿತು. ಒಬ್ಬೊಬ್ಬರೇ ಇಳಿದರು. ಬಾಷಾ ತನ್ನ ಚಾದರ ಮಡಚಿಕೊಂಡು ಹೋದ. ಇನ್ನೊಂದು ಗುಡ್ಡ ಹುಡುಕಿಯಾನು!

ತಿಮ್ಮಿ ಮಾತ್ರ ಹೋಗಲಿಲ್ಲ. ಕಲ್ಲು ಹೊರುವುದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು.

"ಎದೆಯಾಗಿಂದು ಹೇಳ್ಕಂಬೂಕೆ ಒಬ್ರು ಬೇಕಲ್ರಾ ಮಾಸ್ತರ್ರೇ. ಗಂಡ ಸಮುದ್ರದಾಗಿದ್ರೆ ನಾನು ಎಂತ ಮಾಡೂದು?"

"ನಿನ್ನ ಮನೆಯಲ್ಲಿ ನಿನ್ನ ದೇವರಿದ್ದಾರೆ ತಿಮ್ಮಿ. ಅದು ನಿನ್ನದು. ಇವನು ನನ್ನ ಅಪ್ಪ. ಬರೀ ಮನುಷ್ಯ. ಅವನಿಗೇ ನಮ್ಮ ದುವಾ ಬೇಕು."

"ನೀವೂ ಅವತ್ತು ಕೇಳಿದ್ರಲ್ಲ."

"ಕೇಳಿದೆ. ತಪ್ಪು ಮಾಡಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಕಲ್ಲಿನ ಒಂದು ತುದಿ ಹಿಡಿದಳು. "ಒಬ್ರೇ ಎತ್ತಿ ಸೊಂಟ ಹಿಡ್ಕಂಡ್ರೆ ಖೈರಕ್ಕ ನನ್ನ ಬೈತ್ರು." ಮಧ್ಯಾಹ್ನದ ಹೊತ್ತಿಗೆ ಗೋರಿ ಉಳಿದವುಗಳ ಮಟ್ಟಕ್ಕೆ ಬಂತು. ಖೈರು ಹಳೆಯ ಕಾಡುಗಲ್ಲನ್ನು ಹುಲ್ಲಿನಲ್ಲಿ ಹುಡುಕಿ ತಂದು ಕೊಟ್ಟಳು.

ಆಗಸ್ಟ್ ೫, ಮಂಗಳವಾರ

ಮಧ್ಯಾಹ್ನ ಮತ್ತೆ ಗಾಳಿ ಎದ್ದಿತು. ಆರು ದೋಣಿಗಳು ಹೊರಗಿದ್ದವು, ಮಾಬ್ಲನದೂ. ನಾನೂ ಖೈರುವೂ ಜಗಲಿಯಲ್ಲಿ ಕೂತಿದ್ದೆವು. ನಾಲಿಗೆಯ ತುದಿಗೆ "ಅಬ್ಬಾ" ಅಂತ ಬಂದದ್ದು ನಿಜ. ನುಂಗಿದೆ. ಯಾ ಅಲ್ಲಾ, ಆರೂ ದೋಣಿಗಳನ್ನು ತಾ ಅಂದೆ. ಪಕ್ಕದಲ್ಲಿ ಕೂತವಳಿಗೂ ಕೇಳಿಸಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಸಣ್ಣ ಧ್ವನಿಯಲ್ಲಿ ನಾನು ಏನನ್ನೂ ಹೇಳಿದವನಲ್ಲ.

ಮೂರೂವರೆಯಿಂದ ಒಂದೊಂದೇ ಬಂದವು. ನಾನು ದಡಕ್ಕೆ ಓಡಿದೆ. ಕೊನೆಯದು ಮಾಬ್ಲನದು.

"ಹೇಗೆ ಬಂದೆ?"

"ಎಂತ ಹೇಗೆ? ಕಂಬ ಕಂಡ್ತು, ಬಂದ್ವಿ. ಬುಟ್ಟಿ ಹಿಡೀರಿ ಒಂಚೂರು."

ಬುಟ್ಟಿ ಹಿಡಿದೆ. ಆರು ದೋಣಿಯವರೂ ಗಾಳಿಯ ಬಗ್ಗೆ ಮಾತಾಡಿದರು, ಮೀನಿನ ಬಗ್ಗೆ ಮಾತಾಡಿದರು, ತದಡಿಯಲ್ಲಿ ಇವತ್ತಿನ ದರದ ಬಗ್ಗೆ ಮಾತಾಡಿದರು. ಕಂಬ ನೆಟ್ಟವನು ಯಾರು ಅಂತ ಒಬ್ಬನಾದರೂ ಬಾಯಿಬಿಟ್ಟನೇ? ಇಲ್ಲ! ಎರಡು ಗಂಟೆ ಬಿದಿರು ಹಿಡಿದು ನಿಂತವನು ನಾನು! ಕಾಂಕ್ರೀಟು ಕಲಸಿ ಅಂಗೈ ಸುಲಿದುಕೊಂಡವನು ನಾನು! ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಬಂಗಡೆ ಎಣಿಸುತ್ತಿದ್ದರು, ಕೃತಘ್ನರು!

ಮನೆಗೆ ಬಂದು ಇದನ್ನೆಲ್ಲ ಖೈರುವಿನ ಮುಂದೆ ಹೇಳಿದೆ. ಅವಳು ಬಂಗಡೆ ಸೀಳುತ್ತಿದ್ದಳು. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ಏನು ನಗು ಅಂತ ಕೇಳಹೊರಟವನು ಅರ್ಧಕ್ಕೇ ನಿಂತೆ.

ಸಂಜೆಯ ಮಗ್ರಿಬ್ ನಮಾಜಿನ ಹೊತ್ತಾಯಿತು. ಇವತ್ತು ಸಜ್ದಾದಲ್ಲಿ ಏನು ಕೇಳಬೇಕೆಂದು ಗೊತ್ತಿದೆ. ಹಣೆ ನೆಲಕ್ಕೆ ಮುಟ್ಟಿದ ಮೇಲೂ ನಾನು, ನಾನು ಅನ್ನುವವನೊಬ್ಬ ಒಳಗೆ ನಿಂತೇ ಇರುತ್ತಾನೆ. ಅವನನ್ನು ಇಳಿಸಲು ನನ್ನ ಹಾರೆ ಸಾಲುವುದಿಲ್ಲ.